ಮೂರನೆಯ ಓ

ಅವನನ್ನು ಹಿಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರೋ ಹಿಡಿದರಂತೆ ಅಂತ ಯಾರಾದರೂ ನಿಮ್ಮ ಕಿವಿಗೆ ಊದಿದರೆ ನಂಬಬೇಡಿ. ಏಳು ಹೊಳೆ ದಾಟಿ ಬಂದ ದಳವಾಯಿ ಹಿಡಿಯಲಿಲ್ಲ. ಅವನ ನಲವತ್ತು ಕುದುರೆ ಹಿಡಿಯಲಿಲ್ಲ. ಕುದುರೆಗಳ ಮುಂದೆ ಮೂಗನ್ನು ನೆಲಕ್ಕೆ ಹಚ್ಚಿ ಓಡುತ್ತಿದ್ದ ನಾಯಿಗಳೂ ಹಿಡಿಯಲಿಲ್ಲ. ಅಕ್ಷರದ ನೆರಳೂ ಮೇಲೆ ಬೀಳದ ನಾನು, ಊರಿನ ನಗಾರಿ ಹೊಡೆಯುವವನು, ಈ ಎರಡು ಕೈಯಲ್ಲಿ ಅವನ ಎರಡು ಕೈ ಕಟ್ಟಿದೆ.

ನನ್ನ ನಗಾರಿಯ ವಿಷಯ ನಿಮಗೆ ಗೊತ್ತಿರಬೇಕು. ಅದರ ಚರ್ಮ ಸಿಡಿಲು ನುಂಗಿ ಸತ್ತ ಹೋರಿಯದು. ಹೊತ್ತು ತರುವುದಕ್ಕೆ ಎಂಟು ಜನ ಬೇಕು, ಹೊಡೆಯುವುದಕ್ಕೆ ನಾನೊಬ್ಬ ಸಾಕು. ಒಂದು ಪೆಟ್ಟು ಹಾಕಿದರೆ ಬಂಡೆಯ ಮೇಲಿನ ಹೆಜ್ಜೇನು ತಾನಾಗಿ ಕಳಚಿ ಬೀಳುತ್ತಿತ್ತು. ಎರಡು ಹಾಕಿದರೆ ಮಡಕೆಯ ಹಾಲು ಹೆಪ್ಪಿಲ್ಲದೆ ಮೊಸರಾಗುತ್ತಿತ್ತು. ಮೂರು ಹಾಕಿದರೆ ಹೊಳೆ ಒಂದು ಗಳಿಗೆ ನಿಂತು, ಕರೆದವರು ಯಾರು ಅಂತ ಹಿಂದಿರುಗಿ ನೋಡುತ್ತಿತ್ತು. ನಗಬೇಡಿ. ನೀರು ಹಿಂದಿರುಗಿದ ಗುರುತು ದಂಡೆಯ ಮರಳಿನಲ್ಲಿ ಇವತ್ತಿಗೂ ಇದೆ.

ನಮ್ಮೂರಲ್ಲಿ ಹೆಸರು ಹಗಲಿನ ಸಾಮಾನಲ್ಲ. ಹಗಲೆಲ್ಲ ಯಾರನ್ನೂ ಯಾರೂ ಹೆಸರು ಹಿಡಿದು ಕೂಗುವಂತಿಲ್ಲ. ಎಣ್ಣೆ ತೆಗೆಯುವ ಮನೆಯವಳು ಎಣ್ಣೆಯವ್ವ, ಸುಣ್ಣ ಸುಡುವವಳು ಸುಣ್ಣದವ್ವ, ನಾನು ನಗಾರಿಯವನು. ಹೊತ್ತು ಮುಳುಗಿ ದೀಪ ಹಚ್ಚುವ ಗಳಿಗೆಯಲ್ಲಿ ಮಾತ್ರ ಹೆಸರುಗಳು ಹೊರಗೆ ಬರುತ್ತವೆ. ಮನೆಮನೆಯ ಹೆಂಗಸು ಹೊಸ್ತಿಲ ಮೇಲೆ ನಿಂತು ತನ್ನ ಮನೆಯವರನ್ನು ದೊಡ್ಡವರಿಂದ ಚಿಕ್ಕವರವರೆಗೆ ಒಬ್ಬೊಬ್ಬರಾಗಿ ಕರೆಯಬೇಕು. ಕರೆಸಿಕೊಂಡವರು ಎಲ್ಲೇ ಇರಲಿ, ಹೊಲದಲ್ಲಿರಲಿ, ಗುಡ್ಡದಲ್ಲಿರಲಿ, ಓ ಅನ್ನಬೇಕು. ಓ ಅಂದವರು ಬದುಕಿದ್ದಾರೆ. ಅವರಿಗೆ ಬಾಗಿಲು ತೆರೆದಿರುತ್ತದೆ, ಅವರ ಉಣ್ಣುವ ಗಂಗಳ ಅಂಗಾತ ಕಾದಿರುತ್ತದೆ. ಮೂರು ಸಲ ಕರೆದರೂ ಓ ಅನ್ನದಿದ್ದರೆ ಗಂಗಳವನ್ನು ಗೋಡೆಯ ಪಕ್ಕ ಬೋರಲು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಅಂಥವರು ಸತ್ತವರು. ಎದುರಿಗೆ ಬಂದು ನಿಂತರೂ ಕಾಣಬಾರದು, ಮಾತಾಡಿಸಿದರೂ ಕೇಳಬಾರದು. ಬೋರಲಾದ ಗಂಗಳವನ್ನು ಮತ್ತೆ ಅಂಗಾತ ಮಾಡುವುದಕ್ಕೆ ಒಂದೇ ದಾರಿ: ಯಾರಾದರೊಬ್ಬರು ಊರ ನಡುವೆ ನಿಂತು, ಅವನು ಓ ಅಂದದ್ದನ್ನು ನಾನು ಕೇಳಿದೆ ಅನ್ನಬೇಕು.

ಇದನ್ನು ಯಾರು ಕಟ್ಟಿದರೋ ನನಗೆ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ ಇತ್ತು. ಆದರೆ ಸಂಜೆಯ ಆ ಗಳಿಗೆ ಹೇಗಿರುತ್ತಿತ್ತು ಅಂತ ಹೇಳುತ್ತೇನೆ. ನೂರು ಹೊಸ್ತಿಲಿಂದ ನೂರು ಕೂಗು ಏಳುತ್ತಿತ್ತು, ಸುತ್ತಲ ಹೊಲ ಗುಡ್ಡದಿಂದ ಓ, ಓ, ಓ ಅಂತ ಇಳಿದು ಬರುತ್ತಿತ್ತು. ಹಕ್ಕಿಗಳು ಗೂಡು ಸೇರುವ ಹಾಗೆ. ಆ ಗಳಿಗೆಯಲ್ಲಿ ಕೊಡಲಿ ನಿಲ್ಲಬೇಕು, ಗಾಣ ನಿಲ್ಲಬೇಕು, ನಗಾರಿ ನಿಲ್ಲಬೇಕು. ನಿಲ್ಲಿಸದ ನಗಾರಿಯವನ ಕೋಲು ಮುರಿದು ಒಲೆಗೆ ಹಾಕುತ್ತಿದ್ದರು.

ಸುಣ್ಣದವ್ವನಿಗೆ ಗಂಡನಿರಲಿಲ್ಲ. ಒಬ್ಬ ಮಗ, ಹತ್ತು ವರ್ಷದವನು. ಅವಳು ಕರೆಯಬೇಕಾದ ಹೆಸರು ಅದೊಂದೇ. ಸುಣ್ಣ ಸುಡುವ ಗೂಡಿನ ಹೊಗೆ ಕುಡಿದು ಅವಳ ಗಂಟಲು ಒಡೆದ ಮಡಕೆಯಂತಾಗಿತ್ತು. ಆದರೂ ಆ ಒಂದು ಹೆಸರನ್ನು ಅವಳು ಕರೆಯುವುದು ಕೇಳಿದರೆ ನಮಗೂ ಓ ಅನ್ನಬೇಕು ಅನ್ನಿಸುತ್ತಿತ್ತು. ಹುಡುಗ ದಿನವೂ ಹೊಳೆಗೆ ಹೋಗಿ ಸುಣ್ಣ ಸುಡುವುದಕ್ಕೆ ಕಪ್ಪೆಚಿಪ್ಪು ಆಯ್ದು ತರುತ್ತಿದ್ದ.

ಒಂದು ದಿನ ಊರ ಯಜಮಾನನ ಮಗಳ ಮದುವೆ. ಗಂಡಿನ ಕಡೆಯವರು ತಮ್ಮ ನಗಾರಿ ತಂದಿದ್ದರು. ಅವರ ನಗಾರಿಯವನು ಮೀಸೆ ತಿರುವಿ, "ನಿಮ್ಮೂರಲ್ಲಿ ನಗಾರಿ ಅಂತಾರಲ್ಲ, ಅದು ಯಾವುದು? ಆ ಒನಕೆ ಪಕ್ಕ ಇಟ್ಟಿರೋ ಒರಳಾ?" ಅಂದ. ನಾನು ಮೂವತ್ತರ ಒಳಗಿನವನು. ಸುಮ್ಮನಿರುತ್ತೇನಾ? ಹೊಳೆಯ ದಂಡೆಯ ಬಂಡೆಯ ಮೇಲೆ ನನ್ನ ನಗಾರಿ ಹತ್ತಿಸಿದೆ, ಬಯಲಲ್ಲಿ ಅವನದು. ಮಧ್ಯಾಹ್ನ ಶುರುವಾಯಿತು. ಅವನು ಒಂದು ಹೊಡೆದರೆ ನಾನು ಎರಡು, ಅವನು ನಾಲ್ಕು ಹೊಡೆದರೆ ನಾನು ಎಂಟು. ಮೋಡ ಬಂದವು, ನಡುಗಿ ವಾಪಸ್ಸು ಹೋದವು. ಹೊತ್ತು ಮುಳುಗಿತು. ಕರೆಯುವ ಗಳಿಗೆ ಬಂತು. ನಾನು ಯಜಮಾನನ ಮುಖ ನೋಡಿದೆ.

"ಹೊಡಿ ಕಣ್ಲಾ!" ಅಂದ ಯಜಮಾನ. "ಬೀಗರ ಮುಂದೆ ಮಾನ ಕಳೀತೀಯಾ? ಊರೆಲ್ಲ ಚಪ್ಪರದ ಕೆಳಗೇ ಐತೆ. ಯಾರು ಓ ಅನ್ನಬೇಕು?"

ಊರೆಲ್ಲ ಚಪ್ಪರದ ಕೆಳಗೇ ಇತ್ತು. ಸುಣ್ಣದವ್ವನ ಮಗನೊಬ್ಬ ಹೊಳೆಯಲ್ಲಿದ್ದ.

ಅವಳು ಹೊಸ್ತಿಲ ಮೇಲೆ ನಿಂತು ಕರೆದಳು. ನನಗೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ. ಹುಡುಗ ತಲೆಯ ಮೇಲೆ ಬುಟ್ಟಿ ಹೊತ್ತು ದಂಡೆ ಹತ್ತುತ್ತಿದ್ದ. ನನಗೂ ಅವನಿಗೂ ಹತ್ತು ಮಾರು. ಅವನ ಬಾಯಿ ತೆರೆದದ್ದು ಕಂಡೆ, ಒಂದು ಸಲ. ಅವಳು ಮತ್ತೆ ಕರೆದಳು. ಅವನ ಬಾಯಿ ಮತ್ತೆ ತೆರೆಯಿತು. ಮೂರನೆಯ ಸಲ ಅವಳು ಕರೆದಾಗ ಅವನ ಓ ಸರಿಯಾಗಿ ನನ್ನ ಎರಡು ಪೆಟ್ಟಿನ ನಡುವೆ ಬಿತ್ತು. ಕೇಳಿಸಿತು. ನನ್ನೊಬ್ಬನಿಗೆ ಕೇಳಿಸಿತು. ಒಂದು ಉಸಿರಿನಷ್ಟು ಹೊತ್ತು ಕೋಲು ಮೇಲೆ ಹಿಡಿದಿದ್ದರೆ ಅದು ಅವಳವರೆಗೂ ಹೋಗುತ್ತಿತ್ತು.

ಹಿಡಿಯಲಿಲ್ಲ. ಆ ಪೆಟ್ಟಿಗೇ ಗಂಡಿನ ಕಡೆಯವನ ನಗಾರಿ ಹರಿಯಿತು. ಗೆದ್ದೆ. ಜನ ನನ್ನನ್ನು ಹೆಗಲ ಮೇಲೆ ಎತ್ತಿದರು.

ಹುಡುಗ ಮನೆಗೆ ಹೋಗುವಷ್ಟರಲ್ಲಿ ಗಂಗಳ ಬೋರಲಾಗಿತ್ತು.

"ಅವ್ವಾ, ಓ ಅಂದೆ ಕಣವ್ವ. ಮೂರು ಸಲ ಅಂದೆ."

ಸುಣ್ಣದವ್ವ ಅವನನ್ನು ನೋಡಲಿಲ್ಲ. ಅವನ ಮೈಯ ಆಚೆಗೆ ಹೊಳೆಯ ಕಡೆ ನೋಡಿದಳು. ಅವಳ ಕಣ್ಣಿನಿಂದ ನೀರು ಇಳಿದು ಕೆನ್ನೆಯ ಮೇಲಿದ್ದ ಸುಣ್ಣದ ಧೂಳಿನಲ್ಲಿ ಎರಡು ಗೆರೆ ಎಳೆಯಿತು. ಅಲ್ಲಿಂದ ಓಡಿ ಬಂದು ಚಪ್ಪರದ ಕೆಳಗೆ ನಿಂತು ಊರನ್ನು ಕೇಳಿದಳು: "ಯಾರಾದ್ರೂ ಕೇಳಿದ್ರೇನಪ್ಪಾ? ಯಾರ ಕಿವಿಗಾದ್ರೂ ಬಿತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೊಳೆಗೆ ಹತ್ತಿರ ಇದ್ದವನು ನಾನೇ ತಾನೆ? ನನ್ನ ಕೊರಳಲ್ಲಿ ಗೆದ್ದ ಹಾರ ಇತ್ತು. ಕೇಳಿದೆ ಅಂದರೆ, ಕೇಳಿಯೂ ಹೊಡೆದೆ ಅಂದ ಹಾಗಾಗುತ್ತಿತ್ತು. ಕೋಲು ಒಲೆಗೆ ಹೋಗುತ್ತಿತ್ತು. ಹರಿದ ನಗಾರಿಯವನು ಮೂಲೆಯಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದ.

"ನನ್ನ ನಗಾರಿ ನುಡಿಯುವಾಗ ದೇವರು ಬಂದು ಕಿವೀಲಿ ಕೂಗಿದರೂ ನನಗೆ ಕೇಳಿಸಲ್ಲ" ಅಂದೆ.

ಚಪ್ಪರವೆಲ್ಲ ನಕ್ಕಿತು. ನಾನು ಆಡಿದ ಮಾತುಗಳಲ್ಲಿ ಅಷ್ಟು ಜನರನ್ನು ನಗಿಸಿದ ಮಾತು ಇನ್ನೊಂದಿಲ್ಲ.

ಹುಡುಗ ಮೂರು ದಿನ ಮನೆಯ ಸುತ್ತ ತಿರುಗಿದ. ನಾಲ್ಕನೆಯ ದಿನ ಗುಡ್ಡಕ್ಕೆ ಹೋದ. ಕಾಡಿನ ಹಣ್ಣು ತಿಂದು, ಗೆಡ್ಡೆ ಅಗೆದು, ಮೊಲ ಹೊಡೆದು ಬೆಳೆದ. ಕಂಡವರು ಸತ್ತವನು ಅಂತ ಕಲ್ಲು ಬೀರುತ್ತಿದ್ದರು. ಕಲ್ಲು ಬೀರುವುದನ್ನು ಅವನು ಅವರಿಂದಲೇ ಕಲಿತ.

ಆದರೆ ಸಂಜೆಯಾದರೆ ಗುಡ್ಡದಲ್ಲಿ ನಿಲ್ಲುತ್ತಿರಲಿಲ್ಲ. ಇಳಿದು ಬಂದು ಊರಾಚೆಯ ಲಂಟಾನದ ಪೊದೆಯಲ್ಲಿ ಕೂತು ನೂರು ಕೂಗನ್ನೂ ಕೇಳುತ್ತಿದ್ದ. ಸುಣ್ಣದವ್ವನ ಹೊಸ್ತಿಲಿಂದ ಏನೂ ಬರುತ್ತಿರಲಿಲ್ಲ. ಒಂದು ದಿನ, ಇಪ್ಪತ್ತು ವರ್ಷದವನಾಗಿದ್ದಾಗ, ತಡೆಯಲಾರದೆ ಹೋದ. ಎಣ್ಣೆಯವ್ವ ತನ್ನ ಮಗನನ್ನು ಕರೆದಳು. ಪೊದೆಯಿಂದ ಇವನು ಓ ಅಂದ.

ನೋಡಿ, ಅಷ್ಟೇ. ಬೇರೆಯವನ ಹೆಸರಿಗೆ ಒಂದು ಓ. ಅದರ ರುಚಿ ಹತ್ತಿತು.

ದಿನವೂ ಅನ್ನತೊಡಗಿದ. ಒಂದು ಸಂಜೆ ಎಣ್ಣೆಯವ್ವನ ಮಗ ಪೊದೆಯ ಹತ್ತಿರವೇ ಬರುತ್ತಿದ್ದ. ತನ್ನ ಹೆಸರಿಗೆ ಬೇರೆ ಬಾಯಿ ಓಗೊಟ್ಟದ್ದು ಕೇಳಿದ. ಎತ್ತು ಹೊಡೆಯುವ ಕೋಲು ಎತ್ತಿ ಪೊದೆಗೆ ನುಗ್ಗಿದ. "ಸತ್ತವನೇ, ಹೆಣವೇ, ನನ್ನವ್ವನಿಗೆ ಓ ಅಂತೀಯೇನ್ಲಾ?" ಅಂತ ಬಾರಿಸಿದ. ಇವನು ಏಟು ತಿಂದ, ತಿಂದ, ಆಮೇಲೆ ಒಂದು ಸುಣ್ಣಕಲ್ಲು ತೆಗೆದುಕೊಂಡು ಅವನ ಹಣೆಗೆ ಹಾಕಿದ. ಬಿದ್ದ ಮೇಲೂ ಹಾಕಿದ. ಅಷ್ಟರಲ್ಲಿ ಎಣ್ಣೆಯವ್ವ ಎರಡನೆಯ ಸಲ ಕರೆದಳು, ಯಾಕೆ ತಡ ಅಂತ. ಇವನು ಓ ಅಂದ. ಕೈ ತೊಳೆದುಕೊಂಡ. ನೆಟ್ಟಗೆ ಆ ಮನೆಗೆ ಹೋಗಿ ಆ ಮಗನ ಗಂಗಳದ ಮುಂದೆ ತಲೆ ಬಗ್ಗಿಸಿ ಕೂತ. ದೀಪ ಮಂಕಾಗಿತ್ತು, ಅವಳ ಕಣ್ಣಿಗೆ ಪೊರೆ ಇತ್ತು. ಬಡಿಸಿದಳು. ಅವನು ಉಂಡ. ಕೈ ತೊಳೆದು ಹೊರಗೆ ಹೋದ.

ಬೆಳಿಗ್ಗೆ ಪೊದೆಯಲ್ಲಿ ಹೆಣ ಸಿಕ್ಕಿತು.

ಹೀಗೆ ಶುರುವಾಯಿತು. ಊರು ಅವನಿಗೆ ಓಗೊಡುವವನು ಅಂತ ಹೆಸರಿಟ್ಟಿತು. ಚಿನ್ನ ಮುಟ್ಟುತ್ತಿರಲಿಲ್ಲ, ಧಾನ್ಯ ಮುಟ್ಟುತ್ತಿರಲಿಲ್ಲ. ಮುಸ್ಸಂಜೆಯ ದಾರಿಯಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದ, ಅವನ ಹೆಸರಿಗೆ ಓ ಅನ್ನುತ್ತಿದ್ದ, ಅವನ ಗಂಗಳದಲ್ಲಿ ಉಣ್ಣುತ್ತಿದ್ದ. ಗಂಗಳದ ಮುಂದೆ ಕೂತವನನ್ನು ಯಾರೂ ಮುಟ್ಟುವಂತಿಲ್ಲ, ಅದೂ ಊರಿನ ಕಟ್ಟಲೆಯೇ. ಗೊತ್ತಾದವರೂ ಗೋಡೆಗೆ ಒತ್ತಿ ನಿಂತು ಅವನು ಕೈ ತೊಳೆಯುವವರೆಗೆ ಕಾಯಬೇಕಿತ್ತು. ಕೈ ತೊಳೆದ ಮೇಲೆ ಅವನ ಕೈಯಲ್ಲಿ ಕೊಡಲಿ ಇರುತ್ತಿತ್ತು. ಜನ ತೊಂಬತ್ತು ಕೊಂದ ಅಂತಾರೆ. ನಾನು ಎಲ್ಲವನ್ನೂ ಹಿಗ್ಗಿಸಿ ಹೇಳುವವನು, ಇದೊಂದನ್ನು ಹಿಗ್ಗಿಸುವುದಿಲ್ಲ. ಒಂಬತ್ತು.

ಆಮೇಲೆ ನಮ್ಮೂರಿನಲ್ಲಿ ಸಂಜೆ ಅಂದರೆ ಏನು ಹೇಳಲಿ? ತಾಯಿ ಕರೆಯುವಳು, ಓ ಬರುವುದು, ಬಂದ ಓ ಕೇಳಿ ಅವಳು ನಡುಗುವಳು. ಕೆಲವರು ಕರೆಯುವುದನ್ನೇ ಬಿಟ್ಟರು. ಬಿಟ್ಟ ಮನೆಗಳ ಬಾಗಿಲನ್ನು ಅವನು ಕೊಡಲಿಯಿಂದ ಒಡೆದ. ಒಳಗೆ ನುಗ್ಗಿ ಹೆಂಗಸನ್ನು ಹೊಸ್ತಿಲಿಗೆ ಎಳೆದು ತಂದು, "ಕರಿ! ಯಾರನ್ನಾದ್ರೂ ಕರಿ!" ಅನ್ನುತ್ತಿದ್ದ. ಹೆದರಿದ ಗಂಟಲಿನಿಂದ ಏನೋ ಒಂದು ಹೆಸರು ಬರುತ್ತಿತ್ತು. ಅವನು ಕಿವಿಗೊಟ್ಟು ಕೇಳಿ, "ಇದಲ್ಲ" ಅಂದು ಹೋಗಿಬಿಡುತ್ತಿದ್ದ.

ಸುಣ್ಣದವ್ವನ ಬಾಗಿಲಿಗೆ ಮಾತ್ರ ಒಂದು ದಿನವೂ ಬರಲಿಲ್ಲ.

ಅವಳು ದಿನವೂ ಸಂಜೆ ಹೊಸ್ತಿಲಿಗೆ ಸುಣ್ಣ ಬಳಿದು ಅದರ ಮೇಲೆ ನಿಲ್ಲುತ್ತಿದ್ದಳು. ಬಾಯಿ ತೆರೆಯುತ್ತಿದ್ದಳು. ದನಿ ಹೊರಡಿಸುತ್ತಿರಲಿಲ್ಲ. ಬಾಯಿ ಮುಚ್ಚಿ ಒಳಗೆ ಹೋಗುತ್ತಿದ್ದಳು. ಮೂವತ್ತು ವರ್ಷ ಅದೇ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು, ನನ್ನನ್ನೂ ಕೇಳುತ್ತಿದ್ದಳು: "ನಗಾರಿಯಣ್ಣ, ಆವತ್ತು ಹೊಳೆ ಕಡೆಯಿಂದ ಏನಾದ್ರೂ ಕೇಳಿಸಿತ್ತಾ? ಅಂದಿದ್ನೋ ಇಲ್ವೋ ಅನ್ನೋದೊಂದು ಗೊತ್ತಾದ್ರೆ ಸಾಕಾಗಿತ್ತು." ನಾನು ಆವತ್ತಿನ ಪಂದ್ಯದ ಕಥೆ ಹೇಳುತ್ತಿದ್ದೆ. ಮೋಡ ನಡುಗಿದ್ದು, ನಗಾರಿ ಹರಿದದ್ದು. ಅವಳು ಕೊನೆಯವರೆಗೂ ಕೇಳಿ, "ಚೆನ್ನಾಗೈತೆ ಕಣಣ್ಣ" ಅಂದು ಹೋಗುತ್ತಿದ್ದಳು.

ಒಮ್ಮೆ ನಾನು ಕೋಲಿಗೆ ಒಳ್ಳೆಯ ಮರ ಹುಡುಕುತ್ತ ಗುಡ್ಡ ಹತ್ತಿದ್ದೆ. ಅವನು ಬಂಡೆಯ ಮೇಲೆ ಕೂತಿದ್ದ, ಪಕ್ಕದಲ್ಲಿ ಕೊಡಲಿ. ನಾನು ಬಂದ ದಾರಿಗೇ ತಿರುಗಿದೆ. ಬೇರೆ ಸಮಯದಲ್ಲಾದರೆ ನಾನು ಅವನ ಕೊಡಲಿ ಕಿತ್ತುಕೊಂಡೆ ಅಂತ ಹೇಳುತ್ತಿದ್ದೆ.

"ಓಡಬೇಡಣ್ಣ" ಅಂದ. "ಒಂದು ಕೇಳ್ತೀನಿ. ನಮ್ಮವ್ವ ಸಂಜೆ ಹೊಸ್ತಿಲಿಗೆ ಬತ್ತಾಳಾ?"

"ಬತ್ತಾಳೆ."

"ಬಾಯಿ ತೆರೀತಾಳಾ?"

"ತೆರೀತಾಳೆ."

"ಏನಂತಾಳೆ?"

"ಏನೂ ಅನ್ನಲ್ಲ."

ಅವನು ಊರಿನ ಹೊಗೆಯ ಕಡೆ ತಿರುಗಿದ. "ನೀನು ಆವತ್ತು ನನ್ನ ಕಡೆಗೇ ನೋಡ್ತಿದ್ದೆ" ಅಂದ.

"ಮುಳುಗೋ ಬಿಸಿಲು ಕಣ್ಣಿಗೆ ಹೊಡೀತಿತ್ತಪ್ಪ."

"ಕೇಳಿಸ್ತಲ್ವಾ ನಿಂಗೆ?"

ಅವನು ಕೊಡಲಿ ಎತ್ತಿಕೊಂಡ. ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅವನು ಇಳಿದು ಹೋಗುತ್ತಿದ್ದ. ತಿರುಗಿ ನೋಡದೆ ಅಂದ: "ಹೋಗು. ನಿನ್ನನ್ನ ಕೊಂದ್ರೆ ಅದನ್ನ ಕೇಳಿದೋರು ಯಾರೂ ಉಳಿಯಲ್ಲ."

ಒಂಬತ್ತನೆಯ ಗಂಗಳ ಬೋರಲಾದಾಗ ದಳವಾಯಿ ಬಂದ. ನಲವತ್ತು ಕುದುರೆಯವರು ಗುಡ್ಡ ಜಾಲಾಡಿದರು. ಅವನನ್ನು ಹುಡುಕುವುದು ಕಷ್ಟವಿರಲಿಲ್ಲ, ಕಷ್ಟವಿದ್ದದ್ದು ಕಟ್ಟುವುದು. ಏಳು ಸಲ ಹಿಡಿದರು, ಏಳು ಸಲ ಹಗ್ಗ ಬಿಗಿದರು. ಹಗ್ಗದ ಗಂಟು ಬಿಸಿಲಿಗಿಟ್ಟ ಬೆಣ್ಣೆಯಂತೆ ಜಾರಿ ನೆಲಕ್ಕೆ ಬಿತ್ತು. ಸರಪಳಿ ಹಾಕಿದರು, ಕೊಂಡಿ ಕಳಚಿತು. ಅವನು ಗುಡ್ಡ ಹತ್ತಿ ಹೋದ.

ಊರಿನ ಹಿರಿಯರು ದಳವಾಯಿಗೆ ತಿಳಿಸಿ ಹೇಳಿದರು: "ಗಂಗಳ ಬೋರಲಾದೋನಿಗೆ ಗಂಟು ನಿಲ್ಲಲ್ಲ ಬುದ್ಧಿ. ಅವನು ಸತ್ತೋನು. ಸತ್ತೋನನ್ನ ಏನು ಅಂತ ಹಿಡೀತೀರಿ?"

"ಹಾಗಾದರೆ ಬದುಕಿಸಿ" ಅಂದ ದಳವಾಯಿ.

ಬದುಕಿಸಬೇಕಾದರೆ ಕೇಳಿದೆ ಅನ್ನುವ ಒಂದು ಬಾಯಿ ಬೇಕು. ಆ ಹೊತ್ತಿಗೆ ಹಳೆಯ ಯಜಮಾನ ಹೋಗಿ ಅವನ ಮಗ ಯಜಮಾನನಾಗಿದ್ದ. ಕಟ್ಟೆಯ ಮೇಲೆ ಕೂತು ಗಡ್ಡ ಕೆರೆದುಕೊಂಡ. ಅವನ ಕಣ್ಣು ತಿರುಗುತ್ತ ತಿರುಗುತ್ತ ನನ್ನ ಮೇಲೆ ಬಂದು ನಿಂತಿತು.

"ಲೇ ನಗಾರಿ, ಹುಟ್ಟಿದಾಗಿಂದ ಸುಳ್ಳು ಹೇಳ್ಕೊಂಡು ಬಂದಿದೀಯ. ಊರಿಗೋಸ್ಕರ ಇನ್ನೊಂದು ಹೇಳು."

ಜನ ಗೊಳ್ಳೆಂದರು. ಹಿರಿಯನೊಬ್ಬ, "ಸುಳ್ಳಿಗೆ ಗಂಟು ನಿಂತೀತೇನಪ್ಪ?" ಅಂದ.

"ಗಂಟಿಗೇನು ಕಿವಿ ಐತಾ?" ಅಂದ ಯಜಮಾನ.

ನಾನು ಎದ್ದೆ. ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಅದನ್ನು ಸುಳ್ಳು ಅಂತ ಹೇಳು ಅಂದಾಗ ಎಷ್ಟು ಸಲೀಸಾಗಿ ಹೊರಗೆ ಬಂತು ನೋಡಿ.

"ಅವನು ಓ ಅಂದ. ನಾನು ಕೇಳಿದೆ."

"ಇಷ್ಟೇನಾ?" ಅಂದ ಒಬ್ಬ. "ಹೊಳೆ ನಿಂತು ಕೇಳಿಸ್ಕೊಳ್ತು ಅನ್ನಲ್ವಾ? ಮೀನು ಎದ್ದು ಬಂದು ಸಾಕ್ಷಿ ಹೇಳ್ತು ಅನ್ನಲ್ವಾ?"

"ವಯಸ್ಸಾಯ್ತು ಪಾಪ" ಅಂದ ಇನ್ನೊಬ್ಬ, "ಸರಕು ಖಾಲಿ."

ಎಲ್ಲರೂ ಸುಣ್ಣದವ್ವನ ಮನೆಗೆ ಬಂದೆವು. ಅವಳು ಆಗ ತಾನೆ ಹೊಸ್ತಿಲು ಬಳಿದು ನಿಂತಿದ್ದಳು. ಯಜಮಾನ ಅಂದ: "ಸಾಕ್ಷಿ ಸಿಕ್ಕಿದೆ ಕಣವ್ವ. ಗಂಗಳ ಎತ್ತು. ಕರಿ."

ಅವಳು ನಮ್ಮ ಹಿಂದೆ ನಿಂತ ಕುದುರೆಗಳನ್ನು ನೋಡಿದಳು. ಸುರುಳಿ ಸುತ್ತಿದ ಹಗ್ಗ ನೋಡಿದಳು. "ಕರೆದ್ರೆ ಬತ್ತಾನೆ" ಅಂದಳು. "ಬಂದ್ರೆ ಒಯ್ತೀರಿ."

ಎಣ್ಣೆಯವ್ವ ಕೋಲೂರಿಕೊಂಡು ಮುಂದೆ ಬಂದಳು. ಅವಳಿಗೆ ಆಗ ಪೂರ್ತಿ ಕಣ್ಣು ಹೋಗಿತ್ತು. "ನೀನು ಕರೀದಿದ್ರೆ ನಾಳೆ ಇನ್ನೊಂದು ಮನೆ ಗಂಗಳ ಬೋರಲು, ತಂಗಿ" ಅಂದಳು. "ನಿನಗೆ ಕರೆಯಾಕೆ ಒಬ್ಬನಾದ್ರೂ ಅವನೆ."

ಸುಣ್ಣದವ್ವ ಒಳಗೆ ಹೋಗಿ ಗೋಡೆಯ ಪಕ್ಕದ ಗಂಗಳ ಎತ್ತಿದಳು. ವರ್ಷವರ್ಷವೂ ಅದರ ಸುತ್ತ ಸುಣ್ಣ ಬಳಿದೂ ಬಳಿದೂ ನೆಲ ಬೆಳ್ಳಗಾಗಿತ್ತು. ಗಂಗಳದ ಅಡಿಯಲ್ಲಿ ಮಾತ್ರ ಕೆಮ್ಮಣ್ಣಿನ ಒಂದು ದುಂಡು, ಮೂವತ್ತು ವರ್ಷದ ಹಿಂದಿನ ನೆಲ, ಹಾಗೇ ಉಳಿದಿತ್ತು. ಗಂಗಳ ತೊಳೆದು, ಅಂಗಾತ ಇಟ್ಟು, ಹೊಸ್ತಿಲಿಗೆ ಬಂದಳು. ಬಾಯಿ ತೆರೆದಳು.

ಆ ಹೆಸರನ್ನು ನಾನು ಹೇಳುವುದಿಲ್ಲ. ಅದು ಆ ಹೊಸ್ತಿಲಿನದು. ಒಡೆದ ಮಡಕೆಯಂಥ ಗಂಟಲು, ಅದರ ಮೇಲೆ ಮೂವತ್ತು ವರ್ಷದ ತುಕ್ಕು. ನನ್ನ ನಗಾರಿ ಅದರ ಮುಂದೆ ತೌಡು ತುಂಬಿದ ಚೀಲ.

ಒಂದೇ ಕರೆ. ಗುಡ್ಡದ ತುದಿಯಿಂದ ಓ ಬಂತು. ಮತ್ತೆ ಬಂತು, ಸ್ವಲ್ಪ ಹತ್ತಿರದಿಂದ. ಅವಳು ಮತ್ತೆ ಕರೆಯಲೇ ಇಲ್ಲ, ಅವನೇ ಓ, ಓ, ಓ ಅನ್ನುತ್ತ ಇಳಿದು ಬಂದ. ನಲವತ್ತು ವರ್ಷದ ಗಂಡಸು, ಗಡ್ಡ ನರೆತವನು, ಕಲ್ಲು ಮುಳ್ಳು ನೋಡದೆ ಓಡಿ ಬಂದ. ಹೊಳೆಯಲ್ಲಿ ಕೊಡಲಿ ಬಿಟ್ಟ. ಕಾಲು ತೊಳೆದ. ದಾರಿಯ ಎರಡೂ ಕಡೆ ಕುದುರೆ ನಿಂತದ್ದು ಕಂಡ, ಹಗ್ಗ ಕಂಡ. ನಡಿಗೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

"ತಡ ಆಯ್ತಲ್ಲೋ ಮಗ" ಅಂದಳು.

"ಬಂದೆ ಕಣವ್ವ" ಅಂದ.

ಕೂತ. ಅವಳು ಮುದ್ದೆ ಇಕ್ಕಿದಳು, ಸೊಪ್ಪಿನ ಸಾರು ಬಿಟ್ಟಳು. ಅವನು ಸಣ್ಣ ಸಣ್ಣ ತುತ್ತು ಮುರಿದ. ನಾನು ಉಣ್ಣುವವರನ್ನು ಕಂಡಿದ್ದೇನೆ, ಒಂದೇ ಸಲ ಕೂತು ಮೂವತ್ತು ಮುದ್ದೆ ಉಂಡವನು ನಾನೇ. ಅಷ್ಟು ನಿಧಾನವಾಗಿ ಉಂಡವರನ್ನು ಮಾತ್ರ ಕಾಣೆ. ಅವಳು ಇನ್ನೊಂದು ಇಕ್ಕಿದಳು. "ಸಾಕವ್ವ" ಅಂದ. "ಇನ್ನೊಂಚೂರು" ಅಂದಳು. ಕೈ ತೊಳೆಯುವವರೆಗೆ ಅವನು ಅವಳವನು. ಅದು ಇಬ್ಬರಿಗೂ ಗೊತ್ತಿತ್ತು. ದಳವಾಯಿಯ ಕುದುರೆಗಳು ಕಾಲು ಬದಲಿಸುತ್ತ ನಿಂತಿದ್ದವು.

ಆಗ ಎಣ್ಣೆಯವ್ವ ಬಾಗಿಲಿನಿಂದಲೇ ಕೇಳಿದಳು. "ನನ್ನ ಮಗನ ಗಂಗಳದಾಗೂ ಉಂಡಿದ್ದೆಯಲ್ಲಪ್ಪ. ಆವತ್ತು ನಿನಗೆ ಎರಡನೇ ಮುದ್ದೆ ಇಕ್ಕಿ ತಲೆ ಸವರಿದ್ದೆ ನಾನು. ನೆನಪೈತಾ?"

ಅವನ ಕೈ ನಿಂತಿತು. "ಐತೆ ಅವ್ವ."

"ಆ ಕೈ ಇನ್ನೂ ತೊಳೀತಾನೇ ಇದ್ದೀನಿ."

ಅವನ ಗಂಗಳದಲ್ಲಿ ಅರ್ಧ ಮುದ್ದೆ ಇತ್ತು. ಅದನ್ನು ಮುಗಿಸಲಿಲ್ಲ. ಚೊಂಬು ಎಳೆದುಕೊಂಡು ಕೈ ತೊಳೆದ.

ಹೊರಗೆ ಬಂದು ಕುದುರೆಯವರನ್ನು ದಾಟಿ ನನ್ನ ಮುಂದೆ ನಿಂತ. ಎರಡೂ ಕೈ ಮುಂದೆ ಚಾಚಿದ. "ನೀನು ಕಟ್ಟಣ್ಣ" ಅಂದ. ನನ್ನ ಸೊಂಟದಲ್ಲಿ ನಗಾರಿಯ ಚರ್ಮ ಬಿಗಿಯುವ ಹುರಿ ಇತ್ತು. ತೆಗೆದು ಸುತ್ತಿದೆ. ಗಂಟು ಹಾಕಿದೆ. ನಲವತ್ತು ಜನ ಬಗ್ಗಿ ನೋಡಿದರು, ಈಗ ಜಾರುತ್ತೆ, ಈಗ ಜಾರುತ್ತೆ ಅಂತ.

ಗಂಟು ನಿಂತಿತು.

ದಳವಾಯಿ ಹೋ ಅಂದ, ಜನ ಹೋ ಅಂದರು, ಯಾರೋ ನನ್ನನ್ನು ಹೆಗಲಿಗೆ ಎತ್ತಲು ಬಂದರು. ಹಿರಿಯನೊಬ್ಬನ ಮುಖದಿಂದ ನಗು ಮೊದಲು ಹೋಯಿತು. ಆಮೇಲೆ ಪಕ್ಕದವನ ಮುಖದಿಂದ. ದೀಪ ಒಂದೊಂದಾಗಿ ಆರಿದ ಹಾಗೆ ಊರೆಲ್ಲ ಸುಮ್ಮನಾಯಿತು.

ಎಣ್ಣೆಯವ್ವ ಗಾಳಿಯಲ್ಲಿ ಕೈ ಆಡಿಸಿ ನನ್ನ ಮುಖ ಹುಡುಕಿ ಹಿಡಿದಳು. "ಹಂಗಾದ್ರೆ ನೀನು ನಿಜವಾಗ್ಲೂ ಕೇಳಿದ್ದೆ."

ಅವಳ ಕೈಯೊಳಗೇ ತಲೆ ಆಡಿಸಿದೆ, ಹೂಂ ಅಂತ.

"ಒಂಬತ್ತು ಗಂಗಳ, ನಗಾರಿಯಣ್ಣ" ಅಂದಳು. "ಒಂಬತ್ತು." ನನ್ನ ಮುಖ ಬಿಟ್ಟು, ಕೋಲೂರಿಕೊಂಡು ಹೋದಳು. ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

ಸುಣ್ಣದವ್ವ ನನ್ನನ್ನು ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಅಂತ ನಿಂತಿದ್ದೆ. ಅವಳು ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ಹುಡುಗಿಯಂತೆ ನಾಚುತ್ತ ಕೇಳಿದಳು.

"ಹೆಂಗಿತ್ತಣ್ಣ ಅದು? ಮೂರನೇದು?"

"ಸಣ್ಣಕಿತ್ತು ಕಣವ್ವ. ಬಾಯಲ್ಲಿ ಒಂದು ಕಪ್ಪೆಚಿಪ್ಪು ಇಟ್ಕೊಂಡಿದ್ದ. ಅದನ್ನ ಕೆನ್ನೆಗೆ ತಳ್ಳಿ ಅಂದ."

ಅವಳ ಮುಖ ಅರಳಿತು. "ಹೂಂ. ಇಟ್ಕೊತಿದ್ದ. ಬೇಡ ಅಂದ್ರೂ ಇಟ್ಕೊತಿದ್ದ. ಒಂದು ಸಲ ಅಂದು ತೋರಿಸು."

ನಾನು ಅಂದೆ. ನನ್ನ ಗಂಟಲು ನಿಮಗೆ ಗೊತ್ತಲ್ಲ. ಕಾಗೆಗಳು ಹಾರಿಹೋದವು, ಒಂದು ಕುದುರೆ ಮುಂಗಾಲು ಎತ್ತಿತು.

"ಅಷ್ಟು ದೊಡ್ಡದಲ್ಲ ಕಣಣ್ಣ" ಅಂದ ಅವನು, ಕೈ ಕಟ್ಟಿಸಿಕೊಂಡವನು. "ಬುಟ್ಟಿ ಭಾರ ಇತ್ತು. ಇನ್ನೂ ಸಣ್ಣಗೆ."

ಮತ್ತೆ ಅಂದೆ.

"ಇನ್ನೂ ಸಣ್ಣಗೆ."

ಅವಳು ಅವನ ಕಡೆ ತಿರುಗಿದಳು. ಅವನು ಬಾಯಿ ತೆರೆದ. ಬಂದದ್ದು ನಲವತ್ತು ವರ್ಷದ ಗಂಡಸಿನ ದನಿ. ಅವನೇ ಕೇಳಿಸಿಕೊಂಡು ತಲೆ ಬಗ್ಗಿಸಿದ. ಆ ಓ ಅವನ ಹತ್ತಿರವೂ ಇರಲಿಲ್ಲ. ಕುದುರೆಯವರು ಹುರಿ ಎಳೆದರು. ಏಳು ಹೊಳೆಯಾಚೆ ಒಯ್ದರು. ಅಲ್ಲಿಂದ ಅವನು ಬರಲಿಲ್ಲ, ಅಲ್ಲಿಗೆ ಹೋದ ಯಾರೂ ಬಂದದ್ದಿಲ್ಲ.

ಊರು ನನ್ನ ಕೋಲು ಮುರಿದು ಒಲೆಗೆ ಹಾಕಿತು. ಹಾಕಲಿ. ಸುಣ್ಣದವ್ವ ಇನ್ನೂ ಇದ್ದಾಳೆ. ನೂರಾ ಇಪ್ಪತ್ತು ವರ್ಷ ಅವಳಿಗೆ, ಇಲ್ಲದಿದ್ದರೆ ನೂರಂತೂ ನಿಜ. ಸಂಜೆ ಹೊಸ್ತಿಲ ಮೇಲೆ ನಿಂತು ಕರೆಯುತ್ತಾಳೆ. ನಾನು ಹೊಳೆಯ ದಂಡೆಯಲ್ಲಿ, ಅವನು ನಿಂತ ಜಾಗದಲ್ಲೇ ನಿಂತು, ಓ ಅನ್ನುತ್ತೇನೆ. ಅವಳು ಕೈ ಅಲ್ಲಾಡಿಸುತ್ತಾಳೆ, ಇನ್ನೂ ಸಣ್ಣಗೆ ಅಂತ. ಎಷ್ಟು ವರ್ಷವಾಯಿತೋ. ಎಷ್ಟು ಒತ್ತಿ ಹಿಡಿದರೂ ನನ್ನದು ದೊಡ್ಡದಾಗಿಯೇ ಬರುತ್ತದೆ.

ನಿನ್ನೆ ನನಗೆ ಕೆಮ್ಮು. ಬರೀ ಬಾಯಿ ತೆರೆದೆ, ದನಿ ಬಿಡಲಿಲ್ಲ. ಅವಳು ಕಿವಿಯ ಹಿಂದೆ ಕೈ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡಳು.

"ಅವನದರ ಹತ್ತಿರಕ್ಕೆ ಬಂತು ಕಣಣ್ಣ" ಅಂದಳು.